ಹೆಗಲಾಚೆ ನೋಡುವ ಗಿನಿಪಿಗ್‌ಗಳು

ಅತ್ತೆ ಸಾಕಿದ್ದ ಎರಡು ಗಿನಿಪಿಗ್‌ಗಳನ್ನು ಕಂಡರೆ ನನಗಾಗುತ್ತಿರಲಿಲ್ಲ, ಅತ್ತೆಗೆ ನನ್ನನ್ನು ಕಂಡರೆ ಆಗದ ಹಾಗೆ. ಇಲಿಗೆ ಅಣ್ಣ, ಮೊಲಕ್ಕೆ ತಮ್ಮ! ಅತ್ತೆ ತೀರಿಕೊಂಡ ಮೇಲೆ ಅವು ರಾತ್ರಿಯಿಡೀ ಗೂಡಿನ ಸರಳು ಕಡಿಯತೊಡಗಿದವು.

ಪ್ರಾಣಿವೈದ್ಯೆಯನ್ನು ಕೇಳಿದೆ.

"ಮಲಗೋ ಮುಂಚೆ ಒಣಹುಲ್ಲು ತುಂಬಿ, ಗೂಡಿನ ಮೂರು ಕಡೆ ಬಟ್ಟೆ ಇಳಿಬಿಡಿ. ಊಟ ಹಾಕೋರ ಹೆಜ್ಜೆ ಕೇಳಿದ್ರೆ ಖುಷಿಗೆ ಕಿರುಚ್ತವೆ. ಬೇರೆಯವರು ಬಂದ್ರೆ ಕಲ್ಲಿನ ಹಾಗೆ ಕೂತುಬಿಡ್ತವೆ."

ನನ್ನೆದುರು ಅವು ಯಾವತ್ತೂ ಕಲ್ಲೇ.

ಅವತ್ತು ಹಾಗೇ ಮಾಡಿ ಮಲಗಿದೆ. ಕಡಿತ ನಿಂತಿತು. ಕಣ್ಣು ಹತ್ತುವಷ್ಟರಲ್ಲಿ ಫ್ರಿಜ್ ಬಾಗಿಲು ತೆರೆದ ಸದ್ದು, ಹಿಂದೆಯೇ ಎರಡರ ಕಿರುಚಾಟ. ಗಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು.

ಎದ್ದು ಹೋಗಿ ದೀಪ ಹಾಕಿದೆ. ಬಟ್ಟೆ ನೀಟಾಗಿ ಮಡಿಚಿ ಕುರ್ಚಿಯ ಮೇಲಿತ್ತು. ಗೂಡಿನೊಳಗೆ ತಣ್ಣಗಿನ ಸೌತೆಕಾಯಿ ಹೋಳುಗಳಿದ್ದವು.

"ಬಾಯ್ಮುಚ್ಕೊಂಡು ಬಿದ್ಕೊಳ್ರೋ, ದರಿದ್ರದವೇ!"

ಅವು ಸುಮ್ಮನಾಗಲಿಲ್ಲ. ನನ್ನ ಬೆನ್ನಿಗೆ ತಣ್ಣನೆ ಗಾಳಿ ಸೋಕಿತು.

ಮರುದಿನದಿಂದ ನಾನು ಅವುಗಳ ತಂಟೆಗೇ ಹೋಗಿಲ್ಲ. ಹುಲ್ಲು, ನೀರು ಎಲ್ಲ ನನ್ನ ಗಂಡನದೇ. ಅವರು ಹೋದರೆ ಅವು ಕಲ್ಲಿನ ಹಾಗೆ ಕೂರುತ್ತವೆ. ನಾನು ಆ ಕಡೆ ಹಾದರೆ ಸಾಕು, ಸರಳು ಹಿಡಿದು ನಿಂತು, ನನ್ನ ಹೆಗಲಾಚೆ ನೋಡುತ್ತಾ ಖುಷಿಯಿಂದ ಕಿರುಚುತ್ತವೆ.