ನೂಲು ಕಡಿದ ಮಧ್ಯಾಹ್ನ

"ನಿಮ್ಮ ಮನೆಯಲ್ಲಿ ಇದನ್ನ ಏನಂತಾರೆ?"

ಗುಬ್ಬಿ ತಬ್ಬಿಬ್ಬಾದಳು. ಆಪ್ತ ಸಮಾಲೋಚಕಿ ಮೊದಲು ಇದನ್ನೇ ಕೇಳಬಹುದೆಂದು ಅವಳು ಎಣಿಸಿರಲಿಲ್ಲ. ನಿದ್ದೆ ಬರುತ್ತದೆಯೇ, ವಂಶದಲ್ಲಿ ಯಾರಿಗಾದರೂ ಹುಚ್ಚಿತ್ತೇ... ಇಂಥವಕ್ಕೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಗಂಡ ಇದನ್ನು ಭ್ರಮೆ ಅನ್ನುತ್ತಾನೆ ಎಂದಳು.

"ನಿಮ್ಮ ಮಾತಲ್ಲಿ?"

"ನಮ್ಮಜ್ಜಿ ಆಗಿದ್ರೆ... ಹಿರಿಯರು ಬಂದಿದ್ದಾರೆ ಅಂತಿದ್ರು."

ಮೇಡಂ ನಗಲಿಲ್ಲ. ಆ ಮಾತನ್ನು ಹಾಗೇ ಬರೆದುಕೊಂಡರು. ಗುಬ್ಬಿಯ ಎದೆಯ ಭಾರ ಒಂದು ಚೂರು ಇಳಿಯಿತು.

ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವರು ಅತ್ತೆ. ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ ಮೂರು ಗಂಟೆಗೆ, ಮಹಡಿಯ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲೇ ಅತ್ತೆ ಹೋಗಿಬಿಟ್ಟರು. ಹದಿನೈದು ದಿನದೊಳಗೆ ಗಂಡ ಆ ಮಿಷನ್ನನ್ನು ಹೊಲಿಗೆ ಶಾಲೆಗೆ ಕೊಟ್ಟುಬಿಟ್ಟ.

ಕೊಟ್ಟ ಮರುದಿನ ಮೂರಕ್ಕೆ ಸರಿಯಾಗಿ, ಖಾಲಿ ಕೋಣೆಯಲ್ಲಿ ಮಿಷನ್ ಓಡಿತು.

ಟಕ ಟಕ ಟಕ... ಸ್ವಲ್ಪ ಹೊತ್ತು ಓಡುತ್ತದೆ. ಥಟ್ಟನೆ ನಿಲ್ಲುತ್ತದೆ. ಆಮೇಲೆ ಯಾರೋ ಕಾಯುತ್ತಿರುವ ಹಾಗೆ ಮೌನ. ಬಾಗಿಲು ತೆಗೆದರೆ ನೆಲದ ಮೇಲೆ ಮಿಷನ್ನಿನ ನಾಲ್ಕು ಕಾಲಿನ ಗುರುತು, ಅಷ್ಟೇ. ಒಂದು ದಿನ ಧೈರ್ಯ ಮಾಡಿ, ಶಬ್ದ ನಿಲ್ಲುವ ಮುಂಚೆಯೇ ಆ ಗುರುತುಗಳ ನಡುವೆ ಅಂಗೈ ಇಟ್ಟಳು. ನೆಲ ಅದುರುತ್ತಿತ್ತು.

ಇನ್ನು ಗಂಡನ ವಿಚಾರ. ಕೆಳಗಿನ ಅಂಗಡಿಯಲ್ಲಿ ಕೂತು ಊರಿಗೆಲ್ಲ ಕನ್ನಡಕ ಮಾಡಿಕೊಡುವ ಈ ಮಹಾಶಯನಿಗೆ ಹೆಂಡತಿಯ ಮುಖ ಮಾತ್ರ ಕಾಣುತ್ತಿರಲಿಲ್ಲ ನೋಡಿ! ಅವಳು ಶಬ್ದದ ಮಾತೆತ್ತಿದರೆ ಭ್ರಮೆ ಎಂದು ಎದ್ದುಹೋಗುತ್ತಿದ್ದ. ದಿನಾ ಮೂರಕ್ಕೆ ಹತ್ತು ನಿಮಿಷ ಇರುವಾಗ ಅಂಗಡಿ ಮುಚ್ಚಿ ಹೊರಟರೆ ಬರುವುದು ನಾಲ್ಕಕ್ಕೆ. ಎಲ್ಲಿಗೆಂದರೆ ಉತ್ತರವಿಲ್ಲ. ಅಂಗಿಯ ಜೇಬಿನಲ್ಲಿ ಒಂದು ನೀಲಿ ನೂಲಿನ ರೀಲು ಸಿಕ್ಕಿತ್ತು. 'ಯಾರೋ ಹೊಲಿಗೆಯವಳು... ನನಗೆ ಹುಚ್ಚಿಯ ಪಟ್ಟ ಕಟ್ಟಿದರೆ ಇವರ ದಾರಿ ಸಲೀಸು. ಅದಕ್ಕೇ ಇಲ್ಲಿಗೆ ಕಳಿಸಿದ್ದಾರೆ!'

ಮೇಡಂ ಬಾಯಿಂದ ಹುಚ್ಚು ಎಂಬ ಮಾತು ಬಂದ ದಿನವೇ ಅಕ್ಕನ ಮನೆಗೆ ಹೋಗುವುದೆಂದು ಗುಬ್ಬಿ ನಿಶ್ಚಯಿಸಿದ್ದಳು. ಮಂಚದ ಕೆಳಗೆ ಬ್ಯಾಗು ಸಿದ್ಧವಾಗಿತ್ತು.

ಆ ಮಾತು ಬರಲೇ ಇಲ್ಲ. ಊಟ ಸೇರುತ್ತದೆಯೇ, ಆ ಶಬ್ದ ಏನಾದರೂ ಮಾಡು ಅನ್ನುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ ಎಂದೆಲ್ಲ ಮೇಡಂ ಮೆಲ್ಲಗೆ ವಿಚಾರಿಸಿದರು. ಅದು ಯಾವುದೂ ಇರಲಿಲ್ಲ.

"ಅದು ಏನು ಅಂತ ನಾನು ತೀರ್ಮಾನ ಮಾಡಲ್ಲ. ನಿಮಗೇನಾಗಬೇಕು ಹೇಳಿ. ಶಬ್ದ ನಿಲ್ಲಬೇಕಾ?"

ಗುಬ್ಬಿ ತಲೆಯಾಡಿಸಿದಳು. "ನಿಲ್ಲೋದು ಬೇಡ. ನಾನೊಬ್ಬಳೇ ಕೇಳೋದು ನಿಲ್ಲಬೇಕು."

ಹೇಳಿದವಳೇ ಬಿಕ್ಕಿಬಿಕ್ಕಿ ಅತ್ತಳು.

ಮೂರನೆಯ ಭೇಟಿಗೆ, ಅವಳೇ ಬಯಸಿದ ಮೇಲೆ, ಗಂಡನೂ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಒರೆಸಿದ ಕನ್ನಡಕವನ್ನೇ ಒರೆಸುತ್ತಿದ್ದ. ನಂಬುತ್ತೀರಾ ಇಲ್ಲವಾ ಎಂದು ಮೇಡಂ ಅವನನ್ನು ಕೇಳಲಿಲ್ಲ. ಆ ಶಬ್ದ ಹೇಗೆ ಬರುತ್ತದೆ, ಮೇಜಿನ ಮೇಲೆ ಬಡಿದು ತೋರಿಸಿ ಎಂದು ಗುಬ್ಬಿಗೆ ಹೇಳಿದರು.

ಗುಬ್ಬಿ ಬೆರಳಿಂದ ಬಡಿದಳು. ಟಕ ಟಕ ಟಕ ಟಕ... ಥಟ್ಟನೆ ನಿಲ್ಲಿಸಿದಳು.

"ಬಂದೆ ಅಮ್ಮ."

ಕನ್ನಡಕದವನು ಎದ್ದು ನಿಂತಿದ್ದ! ತಾನು ಎದ್ದದ್ದು ಅವನಿಗೇ ಗೊತ್ತಿರಲಿಲ್ಲ. ಗುಬ್ಬಿಯ ತೋಳಿನ ಮೇಲೆಲ್ಲ ಮುಳ್ಳೆದ್ದಿತು. ಮತ್ತೆ ಕೂತು ಅವನೇ ಹೇಳತೊಡಗಿದ.

ತಾಯಿಯ ಕಣ್ಣು ಯಾವ ಕನ್ನಡಕಕ್ಕೂ ಬಗ್ಗದ ಹಾಗೆ ಮಂಜಾಗಿತ್ತು. ನೂಲು ಕಡಿದರೆ ಮಿಷನ್ ನಿಲ್ಲಿಸಿ ಮಗನನ್ನು ಕರೆಯುತ್ತಿದ್ದಳಂತೆ. ಅವನು ಮಹಡಿ ಹತ್ತಿ ಹೋಗಿ ಸೂಜಿಗೆ ಪೋಣಿಸಿ ಬರುತ್ತಿದ್ದನಂತೆ. ಆಗ ಗ್ರಂಥಾಲಯದಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಿದ್ದ ಗುಬ್ಬಿಗೆ ಇದು ತಿಳಿದಿರಲೇ ಇಲ್ಲ.

"ಅಮ್ಮ ಹೋದ ದಿನ ಕರೆದಾಗ ಅಂಗಡಿಯಲ್ಲಿ ಗಿರಾಕಿ ಇದ್ರು. ಬರ್ತೀನಿ ಇರು ಅಂದೆ. ಹೋಗಿದ್ದು ಒಂದು ಗಂಟೆ ಬಿಟ್ಟು."

ಜೇಬಿನಿಂದ ನೀಲಿ ರೀಲನ್ನೂ ಕಾಗದದಲ್ಲಿ ಸುತ್ತಿದ ಮಿಷನ್ ಸೂಜಿಯನ್ನೂ ತೆಗೆದು ಮೇಜಿನ ಮೇಲಿಟ್ಟ.

"ದಿನಾ ಎಲ್ಲಿಗೆ ಹೋಗ್ತೀರಿ?" ಗುಬ್ಬಿ ಕೇಳಿದಳು.

"ಬಸ್ ನಿಲ್ದಾಣಕ್ಕೆ. ಅಲ್ಲಿ ಗಲಾಟೆ ಜಾಸ್ತಿ." ಅವನು ರೀಲನ್ನು ಅವಳ ಕಡೆ ಸರಿಸಿದ. "ನಂಗೂ ಕೇಳಿಸುತ್ತೆ ಗುಬ್ಬಿ. ಮೊದಲ ದಿನದಿಂದ."

ಅಯ್ಯೋ ಪಾಪ ಅನ್ನಿಸುವ ಮುಂಚೆ ಅವಳಿಗೆ ಸಿಟ್ಟೇ ಬಂತು. ಇಷ್ಟು ತಿಂಗಳು ತನ್ನನ್ನು ತಾನೇ ಅನುಮಾನಿಸಿಕೊಂಡು ಬದುಕಿದ್ದಳಲ್ಲ! ಯಾಕೆ ಹೇಳಲಿಲ್ಲ ಎಂದು ಅಲ್ಲೇ ತರಾಟೆಗೆ ತೆಗೆದುಕೊಂಡಳು.

"ಹೌದು ಅಂದಿದ್ರೆ... ಅಮ್ಮ ಇನ್ನೂ ಕಾಯ್ತಿರೋದು ನಿಜ ಆಗ್ತಿತ್ತು."

ಏನು ಮಾಡಬೇಕೆಂದು ಮೇಡಂ ಹೇಳಲಿಲ್ಲ. ನಿಮ್ಮಿಬ್ಬರಿಗೂ ಒಪ್ಪುವುದನ್ನು ಮಾಡಿ, ಆಮೇಲೆ ಬಂದು ಹೇಳಿ ಎಂದರಷ್ಟೇ.

ಮರುದಿನ ಮೂರಕ್ಕೆ ಇಬ್ಬರೂ ಆ ನಾಲ್ಕು ಗುರುತುಗಳ ಆಚೀಚೆ ನೆಲದ ಮೇಲೆ ಕೂತರು. ಶಬ್ದ ಶುರುವಾಯಿತು. ನಿಂತಿತು. ಅವನ ಕಣ್ಣು ಬಾಗಿಲ ಕಡೆ ಓಡಿತು. ಗುಬ್ಬಿ ಅವನ ಮಣಿಕಟ್ಟು ಹಿಡಿದುಕೊಂಡಳು. ಅವನ ಕೈಯಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ನೂಲು ಸೂಜಿಯೊಳಗೆ ತೂರಿತು.

"ಆಯ್ತಮ್ಮ" ಎಂದು ಅದನ್ನು ಗುರುತುಗಳ ನಡುವೆ ಇಟ್ಟ.

ಮೌನ. ಗಾಳಿಯಿಲ್ಲದ ಕೋಣೆಯಲ್ಲಿ ನೂಲಿನ ತುದಿ ಮೆಲ್ಲಗೆ ಸರಿಯಿತು... ಬಿಗಿಯಾಯಿತು. ಟಕ ಟಕ ಟಕ ಟಕ... ಈ ಸಲ ಎಲ್ಲೂ ನಿಲ್ಲದೆ ಓಡಿತು. ಕೊನೆಗೆ ಕತ್ತರಿಯ ಒಂದು ಸಣ್ಣ ಸದ್ದು. ನೋಡಿದರೆ ಸೂಜಿ ಅಲ್ಲೇ ಇತ್ತು, ನೂಲು ಇರಲಿಲ್ಲ.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅವನು ಅವಳ ಹೆಗಲಿಗೆ ಹಣೆ ಹಚ್ಚಿ ಮನಸಾರೆ ಅತ್ತ. ಅವಳು ತಡೆಯಲಿಲ್ಲ.

"ರೀ... ಮಂಚದ ಕೆಳಗೆ ಒಂದು ಬ್ಯಾಗಿದೆ. ಬಟ್ಟೆ ತೆಗೆದು ಬೀರುವಲ್ಲಿ ಇಡಬೇಕು."

"ಗೊತ್ತು" ಎಂದ ಅವನು. "ದಿನಾ ನಾಲ್ಕಕ್ಕೆ ಬಂದ ಕೂಡಲೇ ಬಗ್ಗಿ ನೋಡ್ತಿದ್ದೆ, ಇನ್ನೂ ಅಲ್ಲೇ ಇದೆಯಾ ಅಂತ."