ಐದನೆಯ ಉಂಡೆ ನೂಲು

ಅವಳು ನೂತ ನೂಲಿಗೆ ಅವನು ಬೆಂಕಿಕಡ್ಡಿ ಗೀರಿದ.

ಮಗ್ಗದ ಕೋಣೆಗೆ ಅವಳು ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಅವನು ಹೆಸರು ಕೇಳಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. ಚೀಲದ ಮೇಲಿದ್ದ ಉಂಡೆ ತೆಗೆದು ಗೇಣುದ್ದ ಎಳೆ ಕತ್ತರಿಸಿದ. ಅದರ ತುದಿಗೆ ಬೆಂಕಿ ಇಟ್ಟ.

"ಏನ್ರೀ ಇದು..."

ಅವನು ಹೊಗೆ ಮೂಸಿದ. ಉಳಿದ ಕರಿಯನ್ನು ಬೆರಳಲ್ಲಿ ತಿಕ್ಕಿದ. ಅದು ಪುಡಿಪುಡಿಯಾಯಿತು.

"ಕೂದಲು ಸುಟ್ಟ ವಾಸನೆ. ಅಸಲಿ ಉಣ್ಣೆ."

"ನಕಲಿ ಅಂದ್ಕೊಂಡಿದ್ರಾ?"

"ನೈಲಾನ್ ಬೆರೆಸಿ ತರ್ತಾರೆ. ಸುಟ್ರೆ ಗಟ್ಟಿ ಮಣಿ ಆಗುತ್ತೆ."

"ಬಾಯಿಬಿಟ್ಟು ಕೇಳಿದ್ರೆ ನಾನೇ ಹೇಳ್ತಿದ್ದೆ."

"ಬಾಯಿ ಸುಳ್ಳು ಹೇಳಬಹುದು."

ಅವಳ ಕಿವಿ ಬಿಸಿಯಾಯಿತು. ಚೀಲ ಕಿತ್ತುಕೊಂಡು ಮೆಟ್ಟಿಲಿಳಿದು ಹೋಗುವವಳೇ. ಆದರೆ ಚೀಲದ ತಳದಲ್ಲಿ ಬೇರೆ ನೂಲಿತ್ತು.

"ಮೇಲಿರೋದು ನಾನು ನೂತಿದ್ದು, ಅಡಿಯಲ್ಲಿರೋದು ಅಮ್ಮ ನೂತಿದ್ದು. ಅರ್ಧ ಕಂಬಳಿಗೆ ಆಗೋಷ್ಟಿದೆ. ಅಷ್ಟರಲ್ಲಿ ಅಮ್ಮ..." ಅವಳು ಚೀಲದ ಬಾಯಿ ಅಗಲಿಸಿದಳು. "ಉಳಿದರ್ಧ ನಾನು ನೂತು ತರ್ತೀನಿ. ಎರಡೂ ಸೇರಿ ಒಂದೇ ಕಂಬಳಿ ಆಗ್ಬೇಕು."

ಅವನು ಬೆಂಕಿಪೊಟ್ಟಣವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಅಮ್ಮನ ನೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಇದನ್ನ ಸುಡೋದು ಬೇಡ," ಅಂದ.

ಅವಳು ಉಳಿದದ್ದು ಆ ಒಂದು ಮಾತಿಗೆ.

*

"ಆ ತಂತಿ ಹತ್ರ ಕೊಟ್ಯಾ?" ಚಿಕ್ಕಮ್ಮ ನಕ್ಕಳು. ಅಮ್ಮ ಹೋದ ಮೇಲೆ ಅವಳಿದ್ದದ್ದು ಈ ಚಿಕ್ಕಮ್ಮನ ಮನೆಯಲ್ಲಿ. "ಒಂದು ಮಾತು ಹೆಚ್ಚಿಗೆ ಆಡಿದ್ರೆ ಎಲ್ಲಿ ಹಲ್ಲು ಸವೆದೀತೋ ಅಂತ ಹೆದರ್ತಾನೆ ಪುಣ್ಯಾತ್ಮ."

ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ಹಿಂದಿನ ಕಾಲದ ತಂತಿ ಸಂದೇಶದಂತೆ ಅಳೆದು ತೂಗಿ ಮಾತಾಡುವವನು.

ಎರಡು ವಾರಕ್ಕೊಮ್ಮೆ, ಗುರುವಾರ, ಅವಳು ಒಂದು ದೊಡ್ಡ ಉಂಡೆ ನೂಲು ಒಯ್ಯುತ್ತಿದ್ದಳು. ಕೊಟ್ಟು ಬಂದರಾಯಿತು. ಆದರೆ ಎರಡನೆಯ ಸಲ ಅರ್ಧ ಗಂಟೆ ಕೂತಳು, ಮೂರನೆಯ ಸಲ ತಕಲಿಯನ್ನೂ ಜೊತೆಗೆ ಒಯ್ದಳು. ಅವನು ನೇಯುತ್ತಿದ್ದ, ಅವಳು ನೂಲುತ್ತಿದ್ದಳು.

ಅವಳು ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಿ. ತಕಲಿ ತಿರುಗಿಸುವುದು ಮಾತ್ರ ಎಡಗೈಯಲ್ಲಿ. ಹೀಗಾಗಿ ಕಿಟಕಿ ಪಕ್ಕದ ಮೂಲೆಯ ಸ್ಟೂಲಿನಲ್ಲಿ ಕೂತರೆ ಅವಳ ಮೊಣಕೈ ಪದೇ ಪದೇ ಗೋಡೆಗೆ ತಗಲುತ್ತಿತ್ತು. ಅವಳು ಒಮ್ಮೆಯೂ ಹೇಳಲಿಲ್ಲ.

ನಾಲ್ಕನೆಯ ಸಲ ಹೋದಾಗ ಸ್ಟೂಲು ಕಿಟಕಿಯ ಇನ್ನೊಂದು ಬದಿಗೆ ಬಂದಿತ್ತು. ಅಲ್ಲಿದ್ದ ನೂಲಿನ ಬೀರು ಎದುರು ಗೋಡೆಗೆ ಹೋಗಿತ್ತು. ಒಬ್ಬನೇ ಎಳೆದಿರಬೇಕು. ನೆಲದ ಮೇಲೆ ಅದರ ನಾಲ್ಕು ಕಾಲಿನ ಗೀರು ಹೊಸದಾಗಿ ಎದ್ದಿತ್ತು.

ಆ ದಿನ ಅವಳ ಮೊಣಕೈ ಒಮ್ಮೆಯೂ ಗೋಡೆಗೆ ತಗಲಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಗೀರುಗಳೇ ಕಣ್ಣ ಮುಂದೆ.

'ಇನ್ನೊಂದು ಉಂಡೆ. ಅಲ್ಲಿಗೆ ನನ್ನ ಪಾಲಿನ ನೂಲು ಮುಗೀತು. ಆಮೇಲೆ ಯಾವ ನೆಪ ಹೇಳಿಕೊಂಡು ಬರಲಿ?'

ಐದನೆಯ ಉಂಡೆಯನ್ನು ಅವಳು ಹಿಂದೆಂದೂ ನೂಲದಷ್ಟು ಸಮನಾಗಿ ನೂತಳು. ಉಂಡೆ ಸುತ್ತಲು ನಡುವೆ ಏನಾದರೂ ಬೇಕು. ಯಾವಾಗಲೂ ಮಡಿಸಿದ ಹಳೇ ಕಾಗದ ಇಡುತ್ತಿದ್ದಳು. ಈ ಸಲ ಆ ಕಾಗದದಲ್ಲಿ ಒಂದೇ ಸಾಲು ಬರೆದಳು.

'ಕಂಬಳಿ ಮುಗಿದ ಮೇಲೂ ನಾನು ಬರಬಹುದಾ?'

ಅದರ ಮೇಲೆ ನೂಲು ಸುತ್ತಿದಳು. ತುದಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದಳು.

*

ಗುರುವಾರ ಆ ಉಂಡೆ ಕೊಟ್ಟು ಬಂದ ನಾಲ್ಕೇ ದಿನಕ್ಕೆ ಅವನ ಅಕ್ಕ ಬಂದು ಬಾಗಿಲಲ್ಲೇ ಚೀಲ ಕೊಟ್ಟು ಹೋದಳು. "ಇದನ್ನ ತಲುಪಿಸು ಅಂದ ಕಣಮ್ಮ. ಒಳಗೆ ಚೀಟಿ ಇದೆಯಂತೆ."

ಚೀಲದಲ್ಲಿ ನಾಲ್ಕು ಉಂಡೆಗಳಿದ್ದವು. ಅವಳು ಎರಡು ಸಲ ಎಣಿಸಿದಳು. ಕೆಂಪು ದಾರದ ಉಂಡೆ ಇರಲಿಲ್ಲ.

'ಹಾಗಾದರೆ ಬಿಚ್ಚಿದ್ದಾರೆ... ಓದಿದ್ದಾರೆ.'

ಚೀಟಿ ಬಿಡಿಸಿದಳು.

'ಎರಡೂ ಹೊಂದುವುದಿಲ್ಲ. ವಾಪಸ್ ಕಳಿಸಿದ್ದೇನೆ. ಇನ್ನು ನೂಲಬೇಡಿ.'

ಅಷ್ಟೇ. ಕೆಳಗೆ ಸಹಿಯೂ ಇಲ್ಲ.

"ಏನಂತೆ?" ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದಳು.

"ನನ್ನ ನೂಲು ಸರಿಯಿಲ್ವಂತೆ."

"ಎಡಗೈಯಲ್ಲಿ ನೂಲಬೇಡ್ವೇ ಅಂತ ಬಡ್ಕೊಂಡೆ. ಕೇಳಿದ್ಯಾ? ಅಳ್ತಿದ್ದೀಯೇನೇ?"

"ಉಣ್ಣೆ ಧೂಳು ಕಣ್ಣಿಗೆ ಬಿತ್ತು."

ಕೇಳಿದ್ದು ಒಂದು ಸಾಲು, ಉತ್ತರ ಮೂರು. ಆಗುವುದಿಲ್ಲ ಅಂತ ಮಾತ್ರ ಬರೆದಿದ್ದರೆ ಸಹಿಸಬಹುದಿತ್ತು. ಅದಕ್ಕೆ ಅಮ್ಮನ ನೂಲನ್ನೇ ಹಿಡಿದು, ಇವಳದ್ದು ಅದಕ್ಕೂ ಹೊಂದುವುದಿಲ್ಲ ಎನ್ನಬೇಕಿತ್ತೇ? ಅವಳು ತಕಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಬೇರೆ ಊರಿನ ನೂಲಿನ ಗಿರಣಿಯಲ್ಲಿ ಕೆಲಸವಿದೆ ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದರು. ಆ ವಾರವೇ ಅವಳು ಹೂಂ ಅಂದಳು. ಎರಡು ವಾರ ಕಾದರೂ ಅವನಿಂದ ಸುದ್ದಿಯಿಲ್ಲ. ಕಾಯಬಾರದು ಎಂದುಕೊಂಡೇ ಕಾದಳು.

*

ಸೋಮವಾರ ಹನ್ನೆರಡಕ್ಕೆ ಬಸ್ಸು. ಹತ್ತು ಗಂಟೆಗೆ ಅವಳು ಪೆಟ್ಟಿಗೆ, ವಾಪಸ್ ಬಂದ ಉಂಡೆಗಳ ಚೀಲ ಹಿಡಿದೇ ಮಗ್ಗದ ಕೋಣೆಯ ಮೆಟ್ಟಿಲು ಹತ್ತಿದಳು. ಅಮ್ಮನ ನೂಲು ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

"ಅಮ್ಮನ ನೂಲು ಕೊಡಿ. ಹೊರಟಿದ್ದೀನಿ."

ಅವನ ಕಣ್ಣು ಪೆಟ್ಟಿಗೆಯ ಮೇಲೆ ನಿಂತಿತು. "ಎಲ್ಲಿಗೆ?"

"ನೂಲು ಕೊಡಿ."

ಅವನು ಮಗ್ಗದ ಕಡೆ ಕೈ ತೋರಿಸಿದ. ಅಮ್ಮನ ನೂಲೆಲ್ಲ ಹಾಸಾಗಿ, ಮಗ್ಗದ ಉದ್ದಕ್ಕೂ ಬಿಗಿದು ನಿಂತಿತ್ತು.

"ಯಾರನ್ನ ಕೇಳಿ ಏರಿಸಿದ್ರಿ? ಹೊಂದೋದಿಲ್ಲ ಅಂತ ನೀವೇ ಬರೆದು ಕಳಿಸಿ..."

"ಪಕ್ಕಪಕ್ಕ ಹೊಂದೋದಿಲ್ಲ," ಅವನು ತಡವರಿಸಿದ. "ಎಳೆ ತಿರುಚಿರೋ ಹುರಿ ಬೇರೆ. ಅಮ್ಮನದು ಬಲಕ್ಕೆ, ನಿಮ್ಮದು ಎಡಕ್ಕೆ. ಒಂದೇ ಹಾಸಿನಲ್ಲಿ ಹಾಕಿದ್ರೆ ಒಂದು ಪಟ್ಟಿ ಮಬ್ಬು, ಒಂದು ಪಟ್ಟಿ ಹೊಳಪು. ಎಳೆತವೂ ಬೇರೆ ಬೇರೆ." ಉಸಿರು ತೆಗೆದುಕೊಂಡ. "ಅಮ್ಮ ಎದುರಿಗೆ ಕೂತು ಕಲಿಸಿದ್ರಾ?"

"ಹೌದು. ಯಾಕೆ?"

"ಕನ್ನಡಿ ನೋಡಿ ಕಲಿತ ಹಾಗೆ. ಅವರ ಬಲಗೈ, ನಿಮ್ಮ ಎಡಗೈ."

ಅವಳಿಗೆ ಹಳೆಯ ಜಗಲಿ ನೆನಪಾಯಿತು. ಅಮ್ಮನ ಕೈ ನೋಡುತ್ತ, ಮುಖ ನೋಡುತ್ತ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ದಿನಗಳು. ತಪ್ಪು ಕಲಿತದ್ದಲ್ಲ. ಎದುರು ಕೂತದ್ದು, ಅಷ್ಟೇ.

"ಅಮ್ಮನದು ಉದ್ದಕ್ಕೆ ಹಾಸಾಗಿ, ನಿಮ್ಮದು ಅಡ್ಡಕ್ಕೆ ಹೊಕ್ಕಾಗಿ ಹಾಕಿ ಒಂದು ತುಂಡು ನೇಯ್ದೆ. ನಿನ್ನೆ ಬಿಸಿ ನೀರಲ್ಲಿ ತುಳಿದೆ. ನೋಡಿ."

ಅಂಗೈಯಗಲದ ತುಂಡು. ಎಳೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ಒಂದಾಗಿತ್ತು. ಉಗುರಿನಿಂದ ಬಿಡಿಸಲು ನೋಡಿದಳು, ಬರಲಿಲ್ಲ.

"ಒಂದೇ ಕಡೆ ಹುರಿ ಇದ್ರೆ ಇಷ್ಟು ಹತ್ಕೊಳ್ಳಲ್ಲ."

"ಮತ್ತೆ ನೂಲಬೇಡಿ ಅಂದಿದ್ದು?"

"ನಾನು ಪರೀಕ್ಷೆ ಮಾಡಿ ನೋಡೋವರೆಗೂ ಯಾಕೆ ಕೈ ನೋಯಿಸ್ಕೋತೀರಿ ಅಂತ. ಮೊದಲ ದಿನವೇ ಗೊತ್ತಾಗಬೇಕಿತ್ತು. ಬೆಂಕಿ ಹಚ್ಚಿ ನೋಡಿದೆ, ಹುರಿ ನೋಡಲಿಲ್ಲ."

"ಯಾಕೆ?"

"ಎದುರಿಗೆ ನೀವಿದ್ರಿ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿ ನಿಂಬೆಹಣ್ಣಿನಷ್ಟು ಉಳಿದ ಒಂದು ಉಂಡೆ, ಬದಿಯಲ್ಲಿ ಬಿಚ್ಚಿಟ್ಟ ಕೆಂಪು ದಾರ. ನೂಲಿನ ಸಂದಿಯಿಂದ ಕಾಗದದ ಮೂಲೆ ಇಣುಕುತ್ತಿತ್ತು.

'ಓದಿಲ್ಲ... ಇನ್ನೂ ಓದೇ ಇಲ್ಲ!'

"ಈ ಉಂಡೆ ಯಾಕೆ ಇಟ್ಕೊಂಡ್ರಿ?"

"ಎಲ್ಲಕ್ಕಿಂತ ಸಮ ಇತ್ತು. ಕೆಲವು ಲಾಳಿಗೆ ಸುತ್ತಾಯ್ತು, ಇದು ಇನ್ನೊಂದಕ್ಕೆ ಆಗುತ್ತೆ."

ಈಗ ಬಗ್ಗಿ ಆ ಉಂಡೆ ಎತ್ತಿಕೊಂಡರೆ ಸಾಕು. ಯಾರಿಗೂ ಏನೂ ತಿಳಿಯದು. ಹನ್ನೆರಡಕ್ಕೆ ಬಸ್ಸು, ನಾಳೆ ಗಿರಣಿ. ಅವಳ ಕೈ ಅರ್ಧ ಮುಂದೆ ಹೋಯಿತು. ಹಾಗೇ ನಿಂತಿತು. ಆಮೇಲೆ ಸೀರೆಯ ಸೆರಗು ಹಿಡಿದುಕೊಂಡಿತು.

"ಸುತ್ತಿ ಹಾಗಾದ್ರೆ. ಮುಗಿಯೋವರೆಗೂ."

ಅವನು ರಾಟೆಯ ಮುಂದೆ ಕೂತು ತಿರುಗಿಸಿದ. ಬುಟ್ಟಿಯಲ್ಲಿ ಉಂಡೆ ಕುಣಿಯಿತು, ಕರಗಿತು, ನೆಲ್ಲಿಕಾಯಿಯಷ್ಟಾಯಿತು. ಕೊನೆಯ ಎಳೆ ಎದ್ದು ಹೋದಾಗ ಬುಟ್ಟಿಯಲ್ಲಿ ಮಡಿಸಿದ ಕಾಗದ ಮಾತ್ರ ಉಳಿಯಿತು.

ಬಿಸಾಡಲೆಂದು ಎತ್ತಿದವನು ಅಕ್ಷರ ಕಂಡು ಬಿಡಿಸಿದ. ಓದಿದ. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ.

"ಇದು ಯಾವಾಗ ಬರೆದಿದ್ದು?"

"ನಿಮ್ಮ ಚೀಟಿ ಬರೋಕೆ ಮುಂಚೆ."

ಅವನ ಮುಖದ ಬಣ್ಣವೇ ಇಳಿಯಿತು. "ಎರಡೂ ಅಂದ್ರೆ... ನೂಲು. ನೂಲು ಮಾತ್ರ."

"ಗೊತ್ತಾಯ್ತು. ಹದಿನೈದು ದಿನ ಅತ್ತ ಮೇಲೆ."

ಅವನು ಕಾಗದವನ್ನು ಬಂದಂತೆಯೇ ಮಡಿಸಿ, ಬೆಂಕಿಪೊಟ್ಟಣವಿದ್ದ ಜೇಬಿನಲ್ಲಿಟ್ಟ. ಆಮೇಲೆ ಪೊಟ್ಟಣವನ್ನು ತೆಗೆದು ದೂರ ಇಟ್ಟ.

"ಬರೋದು ಬೇಡ," ಅಂದ.

ಅವಳು ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದಳು.

"ಬರಬೇಕಂದ್ರೆ ಮೊದಲು ಹೋಗಬೇಕಲ್ಲ," ಅವನ ದನಿ ಸಣ್ಣಗಾಯಿತು. "ಹೋಗೋದೇ ಬೇಡ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಚೀಲದಿಂದ ನಾಲ್ಕು ಉಂಡೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು.

"ನಿಮಗೆ ಪೂರ್ತಿ ಮಾತಾಡೋಕೆ ಯಾರೂ ಕಲಿಸ್ಲಿಲ್ವಾ?"

"ನೀನು ಕಲಿಸು."

"ಎದುರು ಕೂತು ಕಲಿಸಿದ್ರೆ ಉಲ್ಟಾ ಕಲೀತೀರಿ."

ಅವನು ಮಗ್ಗದ ಹಲಗೆಯ ಮೇಲೆ ಕೂತು, ಸ್ವಲ್ಪ ಸರಿದು ತನ್ನ ಎಡಬದಿಗೆ ಜಾಗ ಮಾಡಿದ. ಅವಳ ಎಡ ಮೊಣಕೈ ಯಾವುದಕ್ಕೂ ತಗಲದಂಥ ಜಾಗ.

"ಪಕ್ಕ ಕೂತ್ಕೋ," ಅಂದ.