ಲಕ್ಕಿನ ಕಾಸು

ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಡಿಂಪ್ನಾ ಗಿಲ್ಹೂಲಿ ಕಿಲ್‌ಡ್ರೀನಾ ಪೊಲೀಸ್ ಠಾಣೆಗೆ ಬಂದರು. ಮುಖ್ಯರಸ್ತೆಯ ಪಬ್ಬು ಅವರದು, ಅಜ್ಜನ ಕಾಲದಿಂದ ನಡೆದುಬಂದದ್ದು. ಅಳುತ್ತಿರಲಿಲ್ಲ, ಆದರೆ ಕೋಟಿನ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದರು.

ಕಾನ್‌ಸ್ಟೇಬಲ್ ಫಿಂಟನ್ ಮುನ್ನೆಲಿ ಹೇಳಿಕೆ ಬರೆದುಕೊಳ್ಳಲು ಕುಳಿತ. ಅವನು ಊರಿನವನೇ. ಜೀವನದ ಮೊದಲ ಬಿಯರನ್ನು ಡಿಂಪ್ನಾರ ಪಬ್ಬಿನಲ್ಲಿಯೇ ಕುಡಿದವನು. ಪ್ರಶ್ನೆ ಕೇಳಿದ್ದು ಸಾರ್ಜೆಂಟ್ ಇಮೆಲ್ಡಾ ಕ್ವರ್ಕ್. ಆಕೆ ಡಬ್ಲಿನ್‌ನಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮೂರಿನ ಲೆಕ್ಕದಲ್ಲಿ ನಿನ್ನೆ ಬಂದವರು.

"ದುಡ್ಡು ಯಾರಿಗೆ ಕೊಟ್ರಿ?"

"ಶೆರಿಫ್ ಆಫೀಸಿನವನಿಗೆ. ತೆರಿಗೆ ಬಾಕಿ ವಸೂಲಿಗೆ ಅಂತ ಬಂದಿದ್ದ. ಒಂಬತ್ತು ಸಾವಿರ ಯೂರೋ."

"ನಗದಾ?"

"ನಗದು ಕೊಟ್ರೆ ಇವತ್ತೇ ಚುಕ್ತಾ, ಲೈಸೆನ್ಸಿಗೆ ತೊಂದ್ರೆ ಇಲ್ಲ ಅಂದ. ರಸೀದಿನೂ ಕೊಟ್ಟ. ನಿನ್ನೆ ಲೈಸೆನ್ಸಿಗೆ ಅಂತ ಫೋನು ಮಾಡಿ ಕೇಳಿದ್ರೆ ಬಾಕಿ ಹಾಗೇ ಇದೆ ಅಂದ್ರು."

ಪಬ್ಬಿನ ಲೈಸೆನ್ಸು ಸೆಪ್ಟೆಂಬರ್ ಕೊನೆಗೆ ನವೀಕರಣವಾಗಬೇಕು. ಅದಕ್ಕೆ ತೆರಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ಅಕ್ಟೋಬರಿನಲ್ಲಿ ಬಾಗಿಲು ತೆರೆಯುವ ಹಾಗಿಲ್ಲ.

"ಆ ಬಾಗಿಲು ಮುಚ್ಚಿದ್ರೆ ನಂಗೆ ಬೇರೆ ಬದುಕು ಗೊತ್ತಿಲ್ಲ, ಸಾರ್ಜೆಂಟ್," ಎಂದರು ಡಿಂಪ್ನಾ.

"ತೆರಿಗೆ ಇಲಾಖೆಯಿಂದ ಪತ್ರ ಬಂದಿತ್ತಲ್ಲ, ಏನಂತ ಬರೆದಿದ್ರು?"

ಡಿಂಪ್ನಾ ಕಿಟಕಿಯತ್ತ ನೋಡಿದರು. "ಮೊದಲ್ನೇದು ಓದಿದೆ. ಆಮೇಲಿನವು ಬಿಸ್ಕತ್ತಿನ ಡಬ್ಬೀಲಿವೆ. ಒಡೆದಿಲ್ಲ."

ಫಿಂಟನ್ ತಲೆಯಾಡಿಸಿದ. ಅವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಸು ಈಯಲಾರದೆ ಒದ್ದಾಡಿದರೆ ಮೊಣಕೈವರೆಗೆ ಕೈಹಾಕಿ ಕರು ಎಳೆಯುವ ಜನ ನಾವು. ಅದೇ ಜನಕ್ಕೆ ಸರ್ಕಾರದ ಕಂದು ಲಕೋಟೆ ಕಂಡರೆ ಕೈ ಮುಂದೆ ಬರುವುದಿಲ್ಲ.

ಸಾರ್ಜೆಂಟ್ ತೆರಿಗೆ ಇಲಾಖೆಗೆ ಫೋನು ಮಾಡಿದರು. ಆ ಬಾಕಿಯ ವಸೂಲಿಯನ್ನು ಶೆರಿಫರಿಗೆ ಒಪ್ಪಿಸಿಯೇ ಇಲ್ಲ ಎಂಬ ಉತ್ತರ ಬಂತು. ಶೆರಿಫ್ ಕಚೇರಿಯವರೂ ತಮ್ಮವರು ಯಾರೂ ಆ ಕಡೆ ಹೋಗಿಲ್ಲ ಎಂದರು. ವಂಚನೆ ಪ್ರಕರಣ ದಾಖಲಾಯಿತು. ರಸೀದಿಯನ್ನು ಮುದ್ದೆಮಾಲಾಗಿ ತೆಗೆದುಕೊಂಡರು. ಅದರ ಮೇಲಿದ್ದ ಮೊಹರು ಯಾವ ಅಂಗಡಿಯಲ್ಲಾದರೂ ಮಾಡಿಸಬಹುದಾದಂಥದ್ದು.

ಸುದ್ದಿ ಹಬ್ಬಿತು. ಸಂಜೆಯೊಳಗೆ ಇನ್ನಿಬ್ಬರು ಬಾಯಿಬಿಟ್ಟರು. ಒಬ್ಬರು ಶವಪೆಟ್ಟಿಗೆ ವ್ಯಾಪಾರದವರು, ಇನ್ನೊಬ್ಬರು ಬೇಲಿತಂತಿ, ಗೊಬ್ಬರ ಮಾರುವ ಯೂಜೀನ್ ಲಾಲಿ. ಮರುದಿನ ಯೂಜೀನರ ಅಂಗಡಿಯಲ್ಲೇ ವಿಚಾರಣೆ ನಡೆಯಿತು.

"ನೋಡೋಕೆ ಹೇಗಿದ್ದ?"

"ಸೂಟು, ಕನ್ನಡಕ. ಅಚ್ಚುಕಟ್ಟು. ಮನುಷ್ಯ ಒಳ್ಳೆಯವನು ಕಣ್ರೀ."

"ನಿಮ್ಮ ಆರು ಸಾವಿರ ಹೊಡೆದವನು!"

"ಅದು ಹೌದು. ಆದ್ರೂ ಮರ್ಯಾದಸ್ಥ."

"ದುಡ್ಡು ತಗೊಂಡ ಮೇಲೆ ಏನು ಮಾಡಿದ? ಒಂದೊಂದಾಗಿ ಹೇಳಿ."

"ಎಣಿಸಿದ. ರಸೀದಿ ಬರೆದ. ಅಂಗೈಗೆ ಅಂಗೈ ತಟ್ಟಿದ, ಇಪ್ಪತ್ತು ಯೂರೋ ವಾಪಸ್ ಕೊಟ್ಟ, ಹೋದ."

ಸಾರ್ಜೆಂಟರ ಪೆನ್ನು ನಿಂತಿತು. "ಇಪ್ಪತ್ತು ಯಾಕೆ? ಜಾಸ್ತಿ ಕೊಟ್ಟಿದ್ರಾ?"

"ಇಲ್ಲಪ್ಪ. ಲಕ್ಕಿನ ಕಾಸು."

ಫಿಂಟನ್ ನಕ್ಕುಬಿಟ್ಟ. "ಡಬ್ಲಿನ್‌ನಲ್ಲಿ ಇದೆಲ್ಲ ಇರಲ್ಲ ಯೂಜೀನ್. ಅಲ್ಲಿ ದನ ಅಂದ್ರೆ ಹಾಲಿನ ಪ್ಯಾಕೆಟ್ ಮೇಲಿನ ಚಿತ್ರ."

"ಸರಿ, ಗೊತ್ತಿಲ್ಲದವಳಿಗೆ ಹೇಳು," ಎಂದರು ಸಾರ್ಜೆಂಟ್. ಅವರಿಗೆ ಬೇಜಾರಾಗಲಿಲ್ಲ, ಕುತೂಹಲವಾಯಿತು. "ಯಾರು ಯಾರಿಗೆ ಕೊಡೋದು?"

"ದನ ಮಾರಿದವನು ಕೊಂಡವನಿಗೆ. ಅಂಗೈ ತಟ್ಟಿ ವ್ಯಾಪಾರ ಕುದುರಿ, ದುಡ್ಡು ಕೈಗೆ ಬಂದ ಮೇಲೆ ಅದ್ರಲ್ಲೇ ಒಂದಿಷ್ಟು ವಾಪಸ್. ದನ ಚೆನ್ನಾಗಿ ಬಾಳ್ಲಿ ಅಂತ."

"ಕೊಡದಿದ್ರೆ?"

"ಅವನ ಹತ್ರ ಮತ್ತೆ ಯಾರೂ ವ್ಯಾಪಾರ ಮಾಡಲ್ಲ."

"ತೆರಿಗೆಯವರು ನಿಂಗೆ ಯಾವಾಗಾದ್ರೂ ಲಕ್ಕಿನ ಕಾಸು ಕೊಟ್ಟಿದ್ದಾರಾ, ಫಿಂಟನ್?"

ಫಿಂಟನ್ನನ ನಗು ಅರ್ಧಕ್ಕೆ ನಿಂತಿತು. ಯೂಜೀನ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಸಾರ್ಜೆಂಟ್ ಅಲ್ಲಿಂದಲೇ ಡಿಂಪ್ನಾಗೆ ಫೋನು ಮಾಡಿದರು. "ಹೂಂ, ಕೊಟ್ಟ. ಅದನ್ನೂ ಹೇಳಬೇಕಿತ್ತಾ?" ಎಂದರು ಅವರು. ಶವಪೆಟ್ಟಿಗೆಯವರದೂ ಅದೇ ಮಾತು. ಉಸಿರಾಡಿದ್ದನ್ನು ಯಾರಾದರೂ ಹೇಳಿಕೆಯಲ್ಲಿ ಬರೆಸುತ್ತಾರೆಯೇ? ಸೂಟು ಹಾಕಿಕೊಂಡರೂ ಕನ್ನಡಕ ಏರಿಸಿಕೊಂಡರೂ ಹುಟ್ಟುಗುಣ ಸುಟ್ಟರೂ ಹೋಗದು. ಆ ಮನುಷ್ಯ ದನದ ವ್ಯಾಪಾರಿ.

ಆದರೆ ಯಾರ ಮನೆಯಲ್ಲಿ ತೆರಿಗೆ ಬಾಕಿಯಿದೆ, ಯಾರು ಲಕೋಟೆ ಒಡೆದಿಲ್ಲ ಎಂಬುದು ದನದ ವ್ಯಾಪಾರಿಗೆ ಹೇಗೆ ತಿಳಿಯಿತು? ಇದಕ್ಕೆ ಉತ್ತರ ಫಿಂಟನ್ನನೇ ಹುಡುಕಿದ. ಮೂವರೂ ಗುರುವಾರದ ದನದ ಸಂತೆಯ ಕ್ಯಾಂಟೀನಿನಲ್ಲಿ ಊಟ ಮಾಡುವವರು. ಆ ಕ್ಯಾಂಟೀನು ಅಟ್ರಾಕ್ಟಾ ಡೂಲನ್ ಎಂಬಾಕೆಯದು. ಬೇಕನ್, ಎಲೆಕೋಸು, ಬೇಯಿಸಿದ ಆಲೂಗಡ್ಡೆ. ಒಂದೇ ಉದ್ದನೆಯ ಮೇಜು.

"ಇಲ್ಲಿ ಪಾಪ ಒಪ್ಪಿಕೊಳ್ಳೋರು ಚರ್ಚಿಗಿಂತ ಜಾಸ್ತಿ," ಎಂದಳು ಅಟ್ರಾಕ್ಟಾ. "ಅವನಿಗೆ ಎಷ್ಟು ಬಾಕಿ, ಇವಳಿಗೆ ಎಷ್ಟು ಬಡ್ಡಿ, ಎಲ್ಲಾ ನನ್ನ ಗ್ರೇವಿ ಜೊತೆ ಹೊರಗೆ ಬರುತ್ತೆ."

"ಕೇಳಿಸಿಕೊಂಡು ಕೂತ ಹೊರಗಿನವರು ಯಾರಾದ್ರೂ?" ಎಂದು ಫಿಂಟನ್ ಕೇಳಿದ.

"ಸಂತೆ ದಿನ ಅರ್ಧಕ್ಕರ್ಧ ಹೊರಗಿನವರೇ. ಕ್ಯಾಪು, ಸಗಣಿ ಬೂಟು. ಮುಖ ಯಾರು ನೋಡ್ತಾರೆ? ದನ ನೋಡ್ತಾರೆ."

"ಹಾಗಾದ್ರೆ ನೀನೊಂದು ನಾಟಕ ಆಡಬೇಕು."

ಅಟ್ರಾಕ್ಟಾಳ ಮುಖ ಅರಳಿತು.

ಸೆಪ್ಟೆಂಬರ್ ಹದಿನೆಂಟು, ಗುರುವಾರ. ತುಂಬಿದ ಕ್ಯಾಂಟೀನಿನ ನಡುವೆ ಆಕೆ ಸೌಟು ಹಿಡಿದು ಗೋಳಾಡಿದಳು. "ನಾಲ್ಕು ಸಾವಿರ ಕಟ್ಟಬೇಕಂತೆ! ಒಂದು ಪತ್ರ ಓದಿದ್ದಕ್ಕೇ ಎದೆ ಒಡೀತು, ಮಿಕ್ಕಿದ್ದು ಮುಟ್ಟಿಲ್ಲ. ದುಡ್ಡೇನೋ ಮನೇಲಿದೆ, ಯಾರಿಗೆ ಕೊಡೋದು ಅಂತ್ಲೇ ಗೊತ್ತಾಗಲ್ಲ!"

"ನಿನ್ನ ಗ್ರೇವಿಗೆ ದಂಡ ಹಾಕಿರಬೇಕು ಬಿಡು," ಎಂದು ಯಾರೋ ಕೂಗಿದರು. ಮೇಜೆಲ್ಲ ನಕ್ಕಿತು.

ಮುಂದಿನ ಮಂಗಳವಾರ ಮಧ್ಯಾಹ್ನ ಅಟ್ರಾಕ್ಟಾಳ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಶುಕ್ರವಾರದಿಂದ ಅಲ್ಲೇ ಕಾಯುತ್ತಿದ್ದ ಸಾರ್ಜೆಂಟ್ ಮತ್ತು ಫಿಂಟನ್ ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಆಲೂಗಡ್ಡೆ ಮೂಟೆಗಳ ನಡುವೆ ನಿಂತಿದ್ದರು. ಸೂಟಿನವನು ಕುಳಿತ. ಗುರುತು ಹಾಕಿದ ನೋಟುಗಳನ್ನು ಎಣಿಸಿಕೊಂಡ. ರಸೀದಿ ಬರೆದ. ಫಿಂಟನ್ ಬಾಗಿಲಿಗೆ ಕೈಹಾಕಿದ. ಸಾರ್ಜೆಂಟ್ ಅವನ ತೋಳು ಹಿಡಿದರು.

"ತಾಳು," ಎಂದು ಪಿಸುಗುಟ್ಟಿದರು. "ಕೊಡ್ತಾನಾ ನೋಡೋಣ."

ಅಂಗೈಗೆ ಅಂಗೈ ತಟ್ಟಿದ ಸದ್ದು ಕೇಳಿಸಿತು. "ತಗೊಳ್ಳಿ ಅಮ್ಮ, ಲಕ್ಕಿಗೆ."

ಉಗ್ರಾಣದ ಬಾಗಿಲು ತೆರೆಯಿತು. ಆತ ಓಡಲಿಲ್ಲ. ಅಟ್ರಾಕ್ಟಾ ಮಾತ್ರ ಹತ್ತಿರ ಹೋಗಿ, ಅವನ ಕನ್ನಡಕ ತೆಗೆದು ನೋಡಿದಳು. "ಅಯ್ಯೋ, ಗುರುವಾರ ಎರಡನೇ ಸಲ ಎಲೆಕೋಸು ಹಾಕಿಸಿಕೊಂಡವನು ನೀನೇ! ಪುಕ್ಕಟೆ ಬಡಿಸಿದ್ನಲ್ಲೋ!"

ಸ್ಥಳದಲ್ಲೇ ಮಹಜರು ನಡೆಯಿತು. ಮೂರು ಗಂಟೆಗೆ ಬಂಧನ ದಾಖಲಾಯಿತು. ಹೆಸರು ಜಾರ್ಲತ್ ಟ್ಯಾನ್ಸಿ, ವಯಸ್ಸು ಅರವತ್ತೊಂದು, ಪಕ್ಕದ ಜಿಲ್ಲೆಯ ದನದ ವ್ಯಾಪಾರಿ.

ವಕೀಲರು ಬಂದ ಮೇಲೆ ವಿಚಾರಣೆ ಶುರುವಾಯಿತು.

"ಬೇರೆಯವರ ದುಡ್ಡೆಲ್ಲಿ?"

"ತೆರಿಗೆ ಇಲಾಖೇಲಿ."

"ತಮಾಷೆ ಬೇಡ."

"ವಿಚಾರಿಸಿ. ಒಂದು ಸೆಂಟೂ ತಿಂದಿಲ್ಲ. ಎಲ್ಲಾ ಕಟ್ಟಿದ್ದೀನಿ. ನನ್ನ ಹೆಸರಲ್ಲಿ."

ವಿಚಾರಿಸಿದರು, ಮಾತು ನಿಜವಾಗಿತ್ತು. ಟ್ಯಾನ್ಸಿ ವರ್ಷಗಟ್ಟಲೆ ತನಗೆ ಬಂದ ಲಕೋಟೆಗಳನ್ನು ಒಡೆದಿರಲಿಲ್ಲ. ತಾನಾಗಿ ಮುಂದೆ ಬಂದು ಒಪ್ಪಿಕೊಂಡವರ ಹೆಸರು ಹೊರಬೀಳುವುದಿಲ್ಲ. ಆತ ಸುಮ್ಮನಿದ್ದ. ಬಾಕಿಯ ಮೇಲೆ ಬಡ್ಡಿ, ದಂಡ ಬಿದ್ದು, ತೆರಿಗೆ ತಪ್ಪಿಸಿದವರ ಪಟ್ಟಿಯಲ್ಲಿ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು. ಅದಾದ ಮೇಲೆ ಸಂತೆಯಲ್ಲಿ ಅವನ ಕೈಗೆ ಯಾರೂ ಕೈ ತಟ್ಟಲಿಲ್ಲ. ಆ ಬಾಕಿಯ ಕಂತು ಕಟ್ಟಲು ವ್ಯಾಪಾರವೇ ಇರಲಿಲ್ಲ. ಹೊರಗಿನ ಸಂತೆಗಳಿಗೆ ಹೋಗಿ ಮೂಲೆಯಲ್ಲಿ ಊಟ ಮಾಡಿ ಬರುತ್ತಿದ್ದ. ಅಲ್ಲಿಯೂ ಅವನ ಕಿವಿಗೆ ಬೀಳುತ್ತಿದ್ದದ್ದು ಅದೇ ಮಾತು: ಲಕೋಟೆ ಒಡೆದಿಲ್ಲ.

"ನಮ್ಮ ಜನ ಕಾಗದ ಓದೋದಕ್ಕಿಂತ ಬಾಗಿಲಿಗೆ ಬಂದವನಿಗೆ ದುಡ್ಡು ಕೊಡೋದೇ ವಾಸಿ ಅಂತಾರೆ," ಎಂದ ಟ್ಯಾನ್ಸಿ. "ನಂಗೆ ಗೊತ್ತು. ನಾನೂ ಕೊಡ್ತಿದ್ದೆ. ನಮ್ಮನೆಗೆ ಯಾರೂ ಬರ್ಲಿಲ್ಲ."

ಈ ನಡುವೆ ಡಿಂಪ್ನಾ ಸಾರ್ಜೆಂಟರ ಒತ್ತಾಯಕ್ಕೆ ಬಿಸ್ಕತ್ತಿನ ಡಬ್ಬಿ ತೆರೆದಿದ್ದರು. ಅವರು ಲೆಕ್ಕ ಸಲ್ಲಿಸದ ಕಾರಣ ಇಲಾಖೆ ಅಂದಾಜಿನ ಮೇಲೆ ಒಂಬತ್ತು ಸಾವಿರ ಹಾಕಿತ್ತು. ಸರಿಯಾದ ಲೆಕ್ಕ ಕೊಟ್ಟಾಗ ಅದು ಐದು ಸಾವಿರಕ್ಕಿಳಿಯಿತು. ಫೋನಿನಲ್ಲಿದ್ದ ಇಲಾಖೆಯ ಹುಡುಗಿ ಕಂತು ಮಾಡಿಕೊಟ್ಟಳು, ಬೈಯಲಿಲ್ಲ. ಕಂತು ಗೊತ್ತಾದ ಮೇಲೆ ಪ್ರಮಾಣಪತ್ರ ಬಂತು. ತಿಂಗಳು ಮುಗಿಯುವ ಹಿಂದಿನ ದಿನ ಲೈಸೆನ್ಸೂ ಆಯಿತು. ಕಳೆದುಕೊಂಡ ಒಂಬತ್ತು ಸಾವಿರದ ವಿಷಯ ನ್ಯಾಯಾಲಯದ ಮುಂದಿದೆ. ಪಬ್ಬಿನ ಬಾಗಿಲಂತೂ ತೆರೆದಿದೆ.

ಹೇಳಿಕೆಗೆ ಸಹಿ ಹಾಕುವ ಮೊದಲು ಸಾರ್ಜೆಂಟ್ ಯೂಜೀನರ ಅಂಗಡಿಗೆ ಹೋದ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದರು.

"ಒಂದು ವಿಷಯ, ಜಾರ್ಲತ್. ಆ ಇಪ್ಪತ್ತು ಕೊಡದೇ ಇದ್ದಿದ್ರೆ ನೀವು ಸಿಕ್ತಾನೇ ಇರ್ಲಿಲ್ಲ. ಯಾಕೆ ಕೊಟ್ರಿ?"

ಟ್ಯಾನ್ಸಿ ಅವರನ್ನು ಅಚ್ಚರಿಯಿಂದ ನೋಡಿದ. ಬಂಧನವಾದಾಗಲೂ ಅವನಿಗೆ ಇಷ್ಟು ಅಚ್ಚರಿಯಾಗಿರಲಿಲ್ಲ.

"ಅಷ್ಟೂ ದುಡ್ಡು ನಾನೇ ಇಟ್ಕೊಂಡಿದ್ರೆ," ಎಂದ, "ಅದು ಕಳ್ಳತನ ಆಗ್ತಿತ್ತಲ್ಲ, ಸಾರ್ಜೆಂಟ್."

ಫಿಂಟನ್ ತಲೆ ಎತ್ತದೆ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡ.